ಹಿರೇಬೆಣಕಲ್ ಗುಡ್ಡಕ್ಕೆ ಅಪ್ಪನನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ದಾವಣಗೆರೆಯವರು. ಡಿಸೆಂಬರ್ ರಜೆಯಲ್ಲಿ ಹಂಪಿಗೆ ಹೊರಟಿದ್ದೇವೆ. ಏಳನೇ ಕ್ಲಾಸಿನ ಮಗಳು ಮೊಬೈಲಿನಲ್ಲಿ ಕೊಪ್ಪಳ ಜಿಲ್ಲೆಯ ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ 'ಕುಳ್ಳರ ಕಲ್ಲುಮನೆ' ನೋಡಿದ್ದಾಳೆ, ಅಲ್ಲಿಗೂ ಹೋಗಲೇಬೇಕು, ಆ ನಗಾರಿ ಕಲ್ಲು ಬಾರಿಸಲೇಬೇಕು ಅಂತ ಹಠ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ತಕರಾರು. ಅದು ಸ್ಮಶಾನ, ಮಕ್ಕಳನ್ನು ಕರೆದುಕೊಂಡು ಹೋಗಬಾರದು ಅಂತ ಅಮ್ಮ. ಕರಡಿ, ಚಿರತೆ ಇವೆಯಂತೆ ಅಂತ ಹೆಂಡತಿ. ನನಗೋ ಆ ಗುಂಡುಗಳ ಫೋಟೊ ನೋಡಿದರೇ ಭಯ, ಒಂದರ ಮೇಲೊಂದು ಈಗ ಬಿದ್ದಾವು ಅನ್ನುವ ಹಾಗೆ ಕೂತಿವೆ. ಅಪ್ಪನಿಗೆ 68, ಬಿಪಿ, ಮಂಡಿನೋವು, ಆದರೂ ಬರ್ತೀನಿ ಅಂತಾರೆ. ತಮ್ಮನಿಗೆ ರಾತ್ರಿ ಮೇಲೆ ಟೆಂಟ್ ಹಾಕುವ ಆಸೆ. ಏನು ಮಾಡೋಣ?

ಉತ್ತರ:

ಹೋಗಿ ಬನ್ನಿ. ಟೆಂಟ್ ಬೇಡ, ನಗಾರಿ ಬೇಡ, ಅಪ್ಪನ ವಿಷಯ ಆಮೇಲೆ ಹೇಳುತ್ತೇನೆ. ನಾನು ಕಲ್ಲಿನ ಮನುಷ್ಯ. ಭೂವಿಜ್ಞಾನ ಓದಿ ಕೊಪ್ಪಳ, ಬಳ್ಳಾರಿ ಕಡೆಯ ಗುಡ್ಡಗಳಲ್ಲಿ ಬಹಳ ವರ್ಷ ಸುತ್ತಾಡಿದವನು, ಹಾಗಾಗಿ ನಿಮ್ಮ ಭಯದಿಂದಲೇ ಶುರು ಮಾಡುತ್ತೇನೆ.

ಆ ಗುಂಡುಗಳು ಬೀಳುತ್ತವಾ? ಆ ಸೀಮೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ಹಂಪಿ, ಆನೆಗೊಂದಿ ಸುತ್ತಮುತ್ತ ಕೇಳಿದರೆ ವಾಲಿ ಸುಗ್ರೀವರು ಜಗಳವಾಡಿ ಎಸೆದ ಕಲ್ಲು ಅನ್ನುತ್ತಾರೆ, ಕಥೆ ಚೆನ್ನಾಗಿಯೇ ಇದೆ. ಇನ್ನು ಕೆಲವರು ಭೂಕಂಪ ಅನ್ನುತ್ತಾರೆ, ಉಲ್ಕೆ ಅನ್ನುತ್ತಾರೆ. ಎರಡೂ ಅಲ್ಲ. ಈ ಕಲ್ಲನ್ನು ಯಾರೂ ತಂದು ಅಲ್ಲಿ ಇಟ್ಟಿಲ್ಲ, ಅದು ಹುಟ್ಟಿದ್ದೇ ಅಲ್ಲಿ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ನೆಲದಡಿ ಕಿಲೋಮೀಟರುಗಟ್ಟಲೆ ಆಳದಲ್ಲಿ ತಣ್ಣಗಾಗಿ ಗಟ್ಟಿಯಾದದ್ದು. ಗಟ್ಟಿಯಾದ ಮೇಲೆ ಉದ್ದಕ್ಕೆ ಅಡ್ಡಕ್ಕೆ ಬಿರುಕು ಬಿಡುತ್ತದೆ, ಮೈಸೂರು ಪಾಕಿಗೆ ಚಾಕು ಹಾಕಿದ ಹಾಗೆ. ಆ ಬಿರುಕಿನೊಳಗೆ ನೀರು ಇಳಿಯುತ್ತದೆ. ನೀರು ಮೂಲೆಗಳನ್ನು ಮೊದಲು ತಿನ್ನುತ್ತದೆ, ಯಾಕಂದ್ರೆ ಮೂಲೆಗೆ ಎರಡು ಮೂರು ಕಡೆಯಿಂದ ನೀರು ತಾಗುತ್ತದೆ. ಚೌಕ ಇದ್ದದ್ದು ಗುಂಡಗಾಗುತ್ತದೆ. ಸುತ್ತಲಿನ ಕಲ್ಲು ಕೊಳೆತು ಗರಸು ಆಗುತ್ತದೆ, ಮಳೆ ಆ ಗರಸನ್ನು ತೊಳೆದುಕೊಂಡು ಹೋಗುತ್ತದೆ, ಒಳಗಿನ ಗಟ್ಟಿ ತಿರುಳು ಇದ್ದ ಜಾಗದಲ್ಲೇ ಉಳಿಯುತ್ತದೆ. ನಿಮಗೆ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣುವುದು ಪೇರಿಸಿದ್ದಲ್ಲ, ನಡುವಿನದು ಹೋಗಿ ಉಳಿದದ್ದು.

ಅಂದ್ರೆ ಅವು ಸಾವಿರಾರು ವರ್ಷ ನಿಧಾನಕ್ಕೆ ತೂಕ ಹೊಂದಿಸಿಕೊಂಡು ಕೂತ ಕಲ್ಲುಗಳು. ನಿಲ್ಲಲಾಗದ್ದು ಎಂದೋ ಉರುಳಿ ಕೆಳಗೆ ಬಿದ್ದಾಗಿದೆ. ಹಾಗಂತ ಎಂದೂ ಬೀಳುವುದೇ ಇಲ್ಲ ಅಂತಲ್ಲ. ಜೋರು ಮಳೆಗೆ ತಳದ ಗರಸು ಕೊಚ್ಚಿ ಹೋದಾಗ, ಹತ್ತಿರದ ಕ್ವಾರಿಯಲ್ಲಿ ಸಿಡಿಮದ್ದು ಇಟ್ಟಾಗ, ಬಿರುಕಿನೊಳಗೆ ಆಲ, ಬಸರಿಯ ಬೇರು ದಪ್ಪವಾದಾಗ ಕದಲುತ್ತವೆ. ಡಿಸೆಂಬರಿನ ಬಿಸಿಲು ಬಿದ್ದ ಬೆಳಿಗ್ಗೆ ನಿಮ್ಮ ತಲೆ ಮೇಲೇ ಬೀಳಬೇಕು ಅನ್ನುವುದು ದೂರದ ಮಾತು. ನಾನು ಆ ಗುಡ್ಡಗಳಲ್ಲಿ ಎರಡು ಸಲ ಕಾಲು ಉಳುಕಿಸಿಕೊಂಡಿದ್ದೇನೆ. ಎರಡು ಸಲವೂ ತೆಂಗಿನಕಾಯಿ ಗಾತ್ರದ ಕಲ್ಲಿನಿಂದ. ಬಂಡೆಯ ಇಳಿಜಾರಿನ ಮೇಲೆ ಸಕ್ಕರೆ ಹರಳಿನ ಹಾಗೆ ಸಣ್ಣ ಗರಸು ಹರಡಿರುತ್ತದೆ ನೋಡಿ, ಅದು ಬಾಲ್ ಬೇರಿಂಗ್ ಇದ್ದ ಹಾಗೆ. ಮಕ್ಕಳಿಗೆ ತಲೆ ಎತ್ತಿ ನೋಡೋದು ಹೇಳಿಕೊಡಬೇಕಿಲ್ಲ, ಕಾಲ ಕೆಳಗೆ ನೋಡೋದು ಹೇಳಿಕೊಡಿ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಸಿ.

ಇನ್ನು ಅಮ್ಮನ ಮಾತು. ಅವರು ಹೇಳಿದ್ದು ಬಹುಪಾಲು ಸರಿ, ನಿಮ್ಮ ಮಗಳು ನೋಡಿದ ವಿಡಿಯೊ ತಪ್ಪು.

ಊರವರು ಆ ಜಾಗವನ್ನು ಮೋರಿಯರ ಗುಡ್ಡ ಅನ್ನುತ್ತಾರೆ. ಮೋರಿಯರು ಅಂದ್ರೆ ಎರಡು ಮೂರು ಅಡಿ ಎತ್ತರದ ಕುಳ್ಳರಂತೆ, ಆದರೆ ಭಾರೀ ಬಲಶಾಲಿಗಳಂತೆ, ಈ ಚಪ್ಪಡಿಗಳನ್ನು ಹಪ್ಪಳದ ಹಾಗೆ ಎತ್ತಿ ಮನೆ ಕಟ್ಟಿಕೊಂಡಿದ್ದರಂತೆ. ಕರ್ನಾಟಕದಲ್ಲಿ ಇಂಥ ಕಲ್ಲುಗೋರಿ ಇರುವ ಬೇರೆ ಕಡೆಯೂ ಕುಳ್ಳರ ಕಥೆ ಇದೆ, ಕೆಲವು ಕಡೆ ಪಾಂಡವರ ಮನೆ ಅನ್ನುತ್ತಾರೆ. ಕಥೆ ಯಾಕೆ ಹುಟ್ಟಿತು ಅಂತ ಅಲ್ಲಿ ನಿಂತರೆ ಗೊತ್ತಾಗುತ್ತದೆ. ಮೂರು ಕಡೆ ನಿಲ್ಲಿಸಿದ ಚಪ್ಪಡಿ, ನಾಲ್ಕನೆಯದರಲ್ಲಿ ದುಂಡನೆಯ ಕಿಂಡಿ, ಮೇಲೊಂದು ಚಪ್ಪಡಿ ಮುಚ್ಚಿಗೆ. ಮನೆಯಂತೆಯೇ ಕಾಣುತ್ತದೆ, ಬಾಗಿಲು ಮಾತ್ರ ಚಿಕ್ಕದು. ಹಾಗಾದರೆ ಒಳಗಿದ್ದವರು ಚಿಕ್ಕವರಿರಬೇಕು ಅಲ್ವಾ? ತರ್ಕ ಸರಿಯಾಗಿಯೇ ಇದೆ. ಆದರೆ ದಕ್ಷಿಣ ಭಾರತದಲ್ಲಿ ಈ ಕಾಲದ ಸಮಾಧಿಗಳನ್ನು ಅಗೆದಾಗ ಸಿಕ್ಕ ಮೂಳೆಗಳು ನಮ್ಮಂಥ ಮನುಷ್ಯರವೇ. ಜೊತೆಗೆ ಕಬ್ಬಿಣದ ಆಯುಧ, ಕಪ್ಪು-ಕೆಂಪು ಬಣ್ಣದ ಮಡಕೆ ಸಿಗುತ್ತವೆ. ಇವು ಸತ್ತವರಿಗಾಗಿ ಬದುಕಿದವರು ಕಟ್ಟಿದ ಕಲ್ಲುಗೋರಿಗಳು, ನೆನಪಿನ ಕಲ್ಲುಗಳು. ಕಾಲ ಕ್ರಿಸ್ತಪೂರ್ವ 800ರಿಂದ 200ರವರೆಗೆ ಅಂತ ಲೆಕ್ಕ ಹಾಕುತ್ತಾರೆ. ಚಿಕ್ಕವು ದೊಡ್ಡವು, ನಿಂತವು ಬಿದ್ದವು ಸೇರಿ ಸುಮಾರು 400. ದೊಡ್ಡವು ನಿಮಗಿಂತ ಎತ್ತರ ಇವೆ.

ಮೋರಿಯರು ಅಂದ್ರೆ ಮೌರ್ಯರು ಅಂತ ಹೇಳುವವರೂ ಸಿಗುತ್ತಾರೆ. ಕೊಪ್ಪಳದಲ್ಲೇ ಗವಿಮಠದ ಹತ್ತಿರ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನ ಇರುವುದರಿಂದ ಹೆಸರು ಸುಲಭವಾಗಿ ಅಂಟಿಕೊಂಡಿದೆ. ಆದರೆ ಅಶೋಕ ಕ್ರಿಸ್ತಪೂರ್ವ 3ನೇ ಶತಮಾನದವನು. ಅವನ ಶಾಸನ ಕೊರೆಯುವ ಹೊತ್ತಿಗೆ ಹಿರೇಬೆಣಕಲ್ಲಿನಲ್ಲಿ ಕಲ್ಲು ನಿಲ್ಲಿಸಲು ಶುರುವಾಗಿ ಕೆಲವು ನೂರು ವರ್ಷ ಆಗಿತ್ತು.

ಅಮ್ಮನಿಗೆ ಹೀಗೆ ಹೇಳಿ: ಸ್ಮಶಾನ ಹೌದು, ಆದರೆ ಎರಡು ಸಾವಿರ ವರ್ಷಕ್ಕೂ ಹಳೆಯದು, ಈಗ ಅಲ್ಲಿ ಕುರಿ ಮೇಯಿಸುವ ಹುಡುಗರು ಮಧ್ಯಾಹ್ನ ಬುತ್ತಿ ಬಿಚ್ಚಿ ಉಣ್ಣುತ್ತಾರೆ. ಗಾಳಿ-ಗೀಳಿ ನನ್ನ ವಿಷಯ ಅಲ್ಲ. ಆದರೆ ಸತ್ತವರ ಜಾಗ, ಸುಮ್ನೆ ಆಟ ಆಡಬಾರದು ಅನ್ನುವ ಅವರ ಮನಸ್ಸು ಇದೆಯಲ್ಲ, ಅದು ನನಗೆ ಇಷ್ಟ. ಮುಚ್ಚಿಗೆ ಕಲ್ಲಿನ ಮೇಲೆ ಹತ್ತಿ ರೀಲ್ಸ್ ಮಾಡುವವರಿಗಿಂತ ನಿಮ್ಮ ಅಮ್ಮನಂಥವರು ಬಂದರೆ ಆ ಕಲ್ಲುಗಳಿಗೆ ಎಷ್ಟೋ ವಾಸಿ.

ಇಲ್ಲೊಂದು ನೋಡಿದ್ದನ್ನು ಹೇಳಲೇಬೇಕು. ಕೆಲವು ವರ್ಷದ ಹಿಂದೆ ನಾನು ಮೇಲಿದ್ದಾಗ ಕಾಲೇಜು ಹುಡುಗರ ಗುಂಪೊಂದು ಬಂತು. ಒಬ್ಬ ಕಿಂಡಿಯೊಳಗೆ ತಲೆ ಹಾಕಿ ತೂರಿ ಒಳಗೆ ಹೋದ, ಫೋಟೊ ಆಯಿತು. ಹೊರಗೆ ಬರುವಾಗ ಭುಜ ಸಿಕ್ಕಿಕೊಂಡಿತು. ಗೆಳೆಯರು ಕೈ ಹಿಡಿದು ಎಳೆದರು, ಇವನು ಒಳಗಿನಿಂದ ಹಿಂದಿನ ಚಪ್ಪಡಿಗೆ ಕಾಲು ಒದ್ದು ನೂಕಿಕೊಂಡ. ಟಕ್ ಅಂತ ಒಂದು ಸಣ್ಣ ಸದ್ದು. ಹುಡುಗರಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು. ಬಗ್ಗಿ ನೋಡಿದರೆ ಚಪ್ಪಡಿಯ ಬುಡಕ್ಕೆ ಒತ್ತು ಕೊಟ್ಟಿದ್ದ ಅಂಗೈಯಷ್ಟು ದೊಡ್ಡ ಕಲ್ಲು ಎರಡು ಬೆರಳು ಆಚೆ ಜಾರಿತ್ತು. ಅಲ್ಲಿ ಮಣ್ಣಿಲ್ಲ, ಗುಂಡಿ ತೋಡಿ ಹೂಳಲು ಜಾಗ ಇಲ್ಲ, ಕೆಳಗಿರುವುದು ಬರೀ ಬಂಡೆ. ಆ ಚಪ್ಪಡಿಗಳು ನಿಂತಿರುವುದು ಒಂದಕ್ಕೊಂದು ಆತುಕೊಂಡು, ಮುಚ್ಚಿಗೆಯ ಭಾರದಿಂದ ಮತ್ತು ಇಂಥ ಚಿಲ್ಲರೆ ಒತ್ತುಗಲ್ಲುಗಳಿಂದ. ಟನ್ನುಗಟ್ಟಲೆ ತೂಕ ಅವನ ತಲೆಯ ಮೇಲೆ ಇತ್ತು, ಅವನು ಒಳಗೆ ಕೂತು ನಗುತ್ತಿದ್ದ. ನೀವು ಹೆದರಿದ ಗುಂಡುಗಳನ್ನು ಪ್ರಕೃತಿ ನಿಲ್ಲಿಸಿದ್ದು, ಇವನ್ನು ನಿಲ್ಲಿಸಿದ್ದು ಮನುಷ್ಯರು. ಬೀಳುವ ಭಯ ಇಟ್ಟುಕೊಳ್ಳುವುದಾದರೆ ಇವುಗಳ ಬಗ್ಗೆ ಇಟ್ಟುಕೊಳ್ಳಿ. ಕಿಂಡಿಯಲ್ಲಿ ಇಣುಕಿ ನೋಡಿ, ಒಳಗೆ ಹೋಗಬೇಡಿ, ಒರಗಬೇಡಿ, ಹತ್ತಬೇಡಿ. ಬಿಸಿಲಿಗೆ ಒಳಗೆ ತಂಪಾಗಿರುವುದರಿಂದ ಹಾವು ಚೇಳೂ ಅಲ್ಲೇ ಇರುತ್ತವೆ, ಅದು ಬೇರೆ.

ಆ ಚಪ್ಪಡಿಗಳನ್ನು ಹೇಗೆ ಸೀಳಿದರು ಅಂತ ಮಗಳು ಕೇಳಿಯೇ ಕೇಳುತ್ತಾಳೆ. ಅರ್ಧ ಕೆಲಸ ಗುಡ್ಡವೇ ಮಾಡಿಕೊಟ್ಟಿದೆ. ಆಳದಲ್ಲಿ ಒತ್ತಡದಲ್ಲಿದ್ದ ಕಲ್ಲು ಮೇಲಿನ ಭಾರ ಸವೆದು ಹೋದಾಗ ಉಸಿರು ಬಿಟ್ಟ ಹಾಗೆ ಹಿಗ್ಗುತ್ತದೆ, ಆಗ ಉಳ್ಳಾಗಡ್ಡಿ ಸಿಪ್ಪೆಯಂತೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ನಡೆಯುವಾಗ ಬಂಡೆಯ ಮೇಲೆ ಕೋಲು ಕುಟ್ಟುತ್ತಾ ಹೋಗಿ, ಒಂದು ಕಡೆ ದಪ್ ಅನ್ನುತ್ತದೆ, ಇನ್ನೊಂದು ಕಡೆ ಟೊಳ್ಳು ಸದ್ದು ಬರುತ್ತದೆ. ಟೊಳ್ಳು ಅಂದ್ರೆ ಕೆಳಗೆ ಪದರ ಬಿಟ್ಟಿದೆ ಅಂತ ಅರ್ಥ. ಗೇಣುದ್ದ ದಪ್ಪದ ಚಪ್ಪಡಿ, ಎರಡೂ ಮುಖ ಸಮ, ತಯಾರಾಗಿ ಬಿದ್ದಿದೆ. ಅದನ್ನು ಬೇಕಾದ ಅಳತೆಗೆ ಒಡೆದು, ಅಂಚು ಕೊಚ್ಚಿ ನಿಲ್ಲಿಸಿದ್ದಾರೆ. ಗೋರಿಗಳ ನಡುವೆ ಒಂದು ಕೆರೆ ಇದೆ, ಕಲ್ಲು ಎತ್ತಿದ ಜಾಗವೇ ಹೊಂಡವಾಗಿರಬಹುದು ಅನ್ನುತ್ತಾರೆ, ಜಾಗ ನೋಡಿದರೆ ನನಗೂ ಹಾಗೇ ಅನ್ನಿಸುತ್ತದೆ. ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಚೌಕ ಗುಳಿ ನೋಡುತ್ತೀರಲ್ಲ, ಬೆಣೆ ಹೊಡೆದು ಸೀಳಿದ ಗುರುತು, ಅದು ಎಷ್ಟೋ ಶತಮಾನ ಆಮೇಲಿನ ಕೆಲಸ. ಒಂದೇ ಪ್ರವಾಸದಲ್ಲಿ ಎರಡನ್ನೂ ಹೋಲಿಸಿ ನೋಡಲಿ.

ನಗಾರಿ ಗುಂಡಿನ ಗುಟ್ಟೂ ಅದೇ ಟೊಳ್ಳು ಸದ್ದಿನದು. ಅರ್ಧ ಚೆಂಡಿನ ಆಕಾರದ ಬಂಡೆ, ಎತ್ತರದ ಇನ್ನೊಂದು ಬಂಡೆಯ ತುದಿಯಲ್ಲಿ ಕೂತಿದೆ. ತಳ ಪೂರ್ತಿ ಅಂಟಿಕೊಂಡಿದ್ದರೆ ಸದ್ದು ಅಲ್ಲೇ ಸಾಯುತ್ತಿತ್ತು, ಕೆಲವೇ ಕಡೆ ತಾಗಿಕೊಂಡಿರುವುದರಿಂದ ಅದಕ್ಕೆ ನಡುಗಲು ಜಾಗ ಇದೆ, ಅದಕ್ಕೇ ದೂರದವರೆಗೆ ಕೇಳಿಸುತ್ತದೆ. ಬಾರಿಸಬಾರದು ಅನ್ನಲು ನನಗೆ ಎರಡು ಕಾರಣ. ಕಲ್ಲಿನಿಂದ ಕಲ್ಲಿಗೆ ಹೊಡೆದಾಗಲೆಲ್ಲ ಅದರ ಮೈ ಚಕ್ಕೆ ಏಳುತ್ತದೆ. ಇನ್ನೊಂದು, ಅಲ್ಲಿಗೆ ಹತ್ತುವುದು ಊರಿನ ಹುಡುಗರಿಗೆ ಸಲೀಸು, ಇಳಿಯುವುದು ನಮ್ಮಂಥವರಿಗೆ ಅಲ್ಲ. ಮಗಳು ಹಠ ಮಾಡಿದರೆ ಟೊಳ್ಳು ಪದರದ ಮೇಲೆ ಕೋಲು ಕುಟ್ಟಲು ಹೇಳಿ, ಪಾಠ ಅದೇ.

ಕರಡಿ, ಚಿರತೆ. ನಿಮ್ಮ ಮನೆಯವರು ಹೇಳಿದ್ದು ಸುಳ್ಳಲ್ಲ. ಅದು ಬೆಣಕಲ್ ಮೀಸಲು ಅರಣ್ಯದ ಗುಡ್ಡ, ಎರಡೂ ಇವೆ. ಅದೇ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೆ ಅಂತಲೇ 332 ಹೆಕ್ಟೇರಿನ ಧಾಮ ಆಗಿದೆ. ಕುರುಚಲು ಕಾಡು, ಬಂಡೆ, ಗವಿ ಇರುವ ಇಡೀ ಸೀಮೆ ಪ್ರಾಣಿಗಳ ಮನೆಯೇ. ಆದರೆ ಯಾವ ಪ್ರಾಣಿ ಯಾವಾಗ ಅಪಾಯ ಅಂತ ತಿಳಿದರೆ ಭಯ ಅರ್ಧ ಇಳಿಯುತ್ತದೆ. ಕರಡಿಗೆ ಮೂಗು ಚುರುಕು, ಕಣ್ಣು ಮಂದ, ಹುತ್ತ ಕೆದಕುತ್ತಾ ಗೆದ್ದಲು ಹೀರುವಾಗ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ನಾವು ಸದ್ದಿಲ್ಲದೆ ಹತ್ತಿರ ಹೋಗಿ ಅದು ದಿಢೀರ್ ಬೆಚ್ಚಿದರೆ ಮೇಲೆ ಬೀಳುತ್ತದೆ. ಹಾಗಾಗಿ ಮಾತಾಡುತ್ತಾ ನಡೆಯಿರಿ, ನಿಮ್ಮ ಮನೆಯವರೆಲ್ಲ ಜೊತೆಗಿದ್ದರೆ ಅದು ಕಷ್ಟ ಆಗಲಿಕ್ಕಿಲ್ಲ. ಮುಖ್ಯವಾದ ಮಾತು ಒಂದಿದೆ. ಡಿಸೆಂಬರ್, ಜನವರಿ ಅಂದ್ರೆ ಕರಡಿ ಮರಿ ಹಾಕುವ ಸಮಯ, ತಾಯಿ ಗವಿಯಲ್ಲೇ ಇರುತ್ತದೆ. ಕಂಡ ಕಂಡ ಕಲ್ಲಿನ ಸಂದಿಗೆ ಟಾರ್ಚ್ ಬಿಟ್ಟು ಇಣುಕಬೇಡಿ. ದಾರಿಯಲ್ಲಿ ಕೆಂಪು ಬಣ್ಣದ ಹಳೆಯ ಚಿತ್ರಗಳಿರುವ ಬಂಡೆ ಆಸರೆಗಳಿವೆ, ಅಲ್ಲಿಗೂ ಊರಿನವರು ಮುಂದೆ ಹೋದ ಮೇಲೆ ನೀವು ಹೋಗಿ. ಚಿರತೆಯ ಸಮಯ ಸಂಜೆ ಮತ್ತು ರಾತ್ರಿ. ಮಕ್ಕಳು ಗುಂಪಿನ ಹಿಂದೆ ಉಳಿಯಬಾರದು, ಮಧ್ಯದಲ್ಲಿರಲಿ. ಮಧ್ಯಾಹ್ನ ಊಟದ ಹೊತ್ತಿಗೆ ಕೆಳಗೆ ಇಳಿದಿರಬೇಕು. ಕರಡಿಯನ್ನೇ ನೋಡಬೇಕು ಅಂದ್ರೆ ಅದಕ್ಕೆ ತುಂಗಭದ್ರೆಯ ಆಚೆ ದರೋಜಿ ಇದೆ, 1994ರಲ್ಲಿ ಆದ ಕರಡಿಧಾಮ, ವೀಕ್ಷಣಾ ಗೋಪುರದಲ್ಲಿ ಕೂತು ದೂರದಿಂದ ನೋಡಬಹುದು.

ನೀವು ಕೇಳದ ಒಂದು ಅಪಾಯ ನನಗೆ ಇವೆಲ್ಲಕ್ಕಿಂತ ಜಾಸ್ತಿ ಅನ್ನಿಸುತ್ತದೆ. ಹೆಜ್ಜೇನು. ಮುಂದಕ್ಕೆ ಚಾಚಿದ ಬಂಡೆಗಳ ಕೆಳಗೆ ಕಪ್ಪಗೆ ಜೋತುಬಿದ್ದಿರುತ್ತವೆ. ಒಂದು ಸಲ ನಮ್ಮ ಜೊತೆ ಬಂದಿದ್ದ ಅಲ್ಲಿಯ ಹಿರಿಯರೊಬ್ಬರು ಅರ್ಧ ದಾರಿಯಲ್ಲಿ ನಿಂತು ಗಾಳಿ ಮೂಸಿ, "ಸೆಂಟ್ ಹೊಡಕೊಂಡವ್ರು ಮುಂದ ಬರಬ್ಯಾಡ್ರಿ, ಇಲ್ಲೇ ಕುಂದರ್‍ರಿ" ಅಂದರು. ನಮ್ಮ ಗುಂಪಿನಲ್ಲಿದ್ದವನೊಬ್ಬ ಪೂರ್ತಿ ಎರಡು ಗಂಟೆ ಹುಣಸೆ ಮರದ ಕೆಳಗೆ ಕೂತ. ಸೆಂಟ್, ಘಮ ಘಮ ಎಣ್ಣೆ, ಬೀಡಿ ಹೊಗೆ, ಕಲ್ಲೆಸೆತ, ಕೂಗಾಟ, ಒಂದೂ ಬೇಡ. ಎದ್ದವು ಅಂದ್ರೆ ನಿಲ್ಲಬೇಡಿ, ಮುಖ ಮುಚ್ಚಿಕೊಂಡು ಆದಷ್ಟು ದೂರ ಹೋಗಿ. ಕೆರೆಗೆ ಹಾರಬೇಡಿ, ತಲೆ ಎತ್ತುವವರೆಗೆ ಅವು ಮೇಲೆ ಕಾಯುತ್ತವೆ. ಮುಳ್ಳನ್ನು ಉಗುರಿನಿಂದ ಕೆರೆದು ಬೇಗ ತೆಗೆಯಿರಿ. ಉಸಿರು ಕಟ್ಟಿದರೆ, ಮುಖ ಊದಿದರೆ, ಅಥವಾ ಮಗುವಿಗೆ ತುಂಬಾ ಕಡೆ ಕಚ್ಚಿದ್ದರೆ ಮನೆ ಮದ್ದು ಮಾಡುತ್ತಾ ಕೂರಬೇಡಿ, ಸೀದಾ ಗಂಗಾವತಿ ಆಸ್ಪತ್ರೆಗೆ.

ಅಪ್ಪನ ವಿಷಯ. ಊರಿನಿಂದ ಮೇಲಕ್ಕೆ ಎರಡು ಮೂರು ಕಿಲೋಮೀಟರ್ ದಾರಿ, ಮಕ್ಕಳ ಜೊತೆ ಒಂದೂವರೆ ಗಂಟೆ ಹಿಡಿಯಿರಿ. ಮೆಟ್ಟಿಲಿಲ್ಲ, ಬಂಡೆ, ಕುರುಚಲು, ಮತ್ತೆ ಬಂಡೆ. ಹತ್ತುವಾಗ ಎದೆ ಹೇಳುತ್ತದೆ, ಇಳಿಯುವಾಗ ಮಂಡಿ ಹೇಳುತ್ತದೆ. ಮಂಡಿನೋವಿರುವವರು ಮೇಲೆ ಹೋಗಿ ಖುಷಿಯಾಗಿ ಫೋಟೊ ತೆಗೆಸಿಕೊಂಡು ಇಳಿಯುವಾಗ ಕೂತುಬಿಡುವುದನ್ನು ತುಂಬಾ ಸಲ ನೋಡಿದ್ದೇನೆ. ಅಲ್ಲಿಂದ ಹೊತ್ತು ತರುವುದು ಸುಲಭ ಅಲ್ಲ. ನನ್ನ ಅಪ್ಪನಾಗಿದ್ದರೆ ಕರೆದುಕೊಂಡು ಹೋಗುತ್ತಿರಲಿಲ್ಲ. ಹೋಗಲೇಬೇಕು ಅಂದ್ರೆ ಡಾಕ್ಟರಿಗೆ ತೋರಿಸಿ, ಬೆಳಿಗ್ಗೆ ಏಳಕ್ಕೆ ಹೊರಡಿ, ಕೈಗೊಂದು ಕೋಲು, ಅವರ ಜೊತೆಗೇ ಇರಲು ಒಬ್ಬರು, ಸುಸ್ತಾದ ಕಡೆ ವಾಪಸ್ ಅನ್ನುವ ಒಪ್ಪಂದ ಮೊದಲೇ ಆಗಿರಲಿ. ಇಲ್ಲವಾದರೆ ಅವರಿಗೆ ಬೇರೆ ದಾರಿ ಇದೆ. ಐಹೊಳೆಯ ಮೇಗುತಿ ಗುಡ್ಡಕ್ಕೆ ಮೆಟ್ಟಿಲಿದೆ, ಎತ್ತರ ಕಡಿಮೆ. ಮೇಲೆ ಕ್ರಿ.ಶ. 634ರ ರವಿಕೀರ್ತಿಯ ಶಾಸನ ಇರುವ ಗುಡಿ, ಅದರ ಹಿಂದೆ ಇಂಥದೇ ಕಲ್ಲುಗೋರಿಗಳು. ಗುಡಿ ನೋಡಿ ಇಳಿದುಬಿಡುವವರಿಗೆ ಹಿಂದೆ ಇವು ಇರುವುದೇ ಗೊತ್ತಾಗುವುದಿಲ್ಲ. ಹಂಪಿಯಿಂದ ಅದು ಒಂದು ದಿನದ ಓಡಾಟ, ಅಷ್ಟು ರಜೆ ಇದ್ದರೆ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

ತಮ್ಮನ ಟೆಂಟ್: ಇಲ್ಲ. ಮೀಸಲು ಅರಣ್ಯ, ಜೊತೆಗೆ ಭಾರತೀಯ ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ. 2021ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲೂ ಇದೆ. ಕಾನೂನು ಪಕ್ಕಕ್ಕಿಟ್ಟರೂ ಬೆಂಕಿ ಹಾಕುತ್ತಾರೆ ಅನ್ನುವುದೇ ನನ್ನ ತಕರಾರು. ಗ್ರಾನೈಟ್ ಬೆಂಕಿಗೆ ಬಹಳ ಬೇಗ ಸೋಲುತ್ತದೆ, ಕಾದ ಮೈ ಚಕ್ಕೆ ಚಕ್ಕೆಯಾಗಿ ಸಿಡಿಯುತ್ತದೆ. ಒಂದು ರಾತ್ರಿಯ ಕ್ಯಾಂಪ್‌ಫೈರಿನ ಗುರುತು ಬಂಡೆಯ ಮೇಲೆ ಉಳಿದುಬಿಡುತ್ತದೆ, ಹತ್ತಿರದಲ್ಲಿ ಚಿತ್ರ ಇದ್ದರೆ ಮಸಿ ಹಿಡಿಯುತ್ತದೆ. ಚಿತ್ರ ಫೋಟೊದಲ್ಲಿ ಚೆನ್ನಾಗಿ ಬರಲಿ ಅಂತ ಬಾಟಲಿ ನೀರು ಎರಚುವವರೂ ಇದ್ದಾರೆ, ಅದೂ ಬೇಡ. ಮತ್ತೆ ನೆಲದಲ್ಲಿ ಅಗೆದ ಗುಂಡಿ, ಎತ್ತಿ ಹಾಕಿದ ಚಪ್ಪಡಿ ಕಾಣಿಸುತ್ತವೆ, ಅವು ನಿಧಿಗಳ್ಳರ ಕೆಲಸ. ಮಡಕೆ ಚೂರು, ಕಬ್ಬಿಣದ ಕಿಟ್ಟ ಬಿಟ್ಟರೆ ಅಲ್ಲಿ ಏನು ಸಿಗುತ್ತದೋ ದೇವರೇ ಬಲ್ಲ. ಅಂಥ ಚೂರು ಕಾಲಿಗೆ ಸಿಕ್ಕರೆ ಮಗಳು ಜೇಬಿಗೆ ಹಾಕಿಕೊಳ್ಳದೆ ಅಲ್ಲೇ ಬಿಡಲಿ.

ಗಂಗಾವತಿಯಿಂದ ಪಶ್ಚಿಮಕ್ಕೆ ಹತ್ತು ಕಿಲೋಮೀಟರ್ ಆಸುಪಾಸು. ಊರಿನಲ್ಲಿ ಗುಡ್ಡ ಬಲ್ಲವರೊಬ್ಬರನ್ನು ಕೇಳಿ ಜೊತೆಗೆ ಕರೆದುಕೊಳ್ಳಿ, ಕೂಲಿ ಮೊದಲೇ ಮಾತಾಡಿ, ಚೌಕಾಸಿ ಮಾಡಬೇಡಿ. ಮೇಲೆ ಅಂಗಡಿ ಇಲ್ಲ, ತಲೆಗೆ ಎರಡು ಲೀಟರ್ ನೀರು ಬೇಕೇ ಬೇಕು, ಕೆರೆ ನೀರು ಕುಡಿಯಲು ಅಲ್ಲ. ಬಾಳೆಹಣ್ಣು ಕೈಯಲ್ಲಿ ಹಿಡಿದು ನಡೆದರೆ ಮಂಗಗಳು ಬಿಡುವುದಿಲ್ಲ, ಚೀಲದೊಳಗಿರಲಿ.

ಮಗಳಿಗೆ ಒಂದು ನೋಟ್‌ಬುಕ್ಕು, ಒಂದು ದಿಕ್ಸೂಚಿ ಕೊಡಿ, ಮೊಬೈಲಿನದೂ ಆಗುತ್ತದೆ. ಕಿಂಡಿ ಉಳಿದಿರುವ ಗೋರಿ ಎಷ್ಟು ಸಿಗುತ್ತವೆ, ಯಾವ ಕಿಂಡಿ ಯಾವ ದಿಕ್ಕಿಗೆ ನೋಡುತ್ತದೆ ಅಂತ ಬರೆದುಕೊಂಡು ಬರಲಿ. ಇಪ್ಪತ್ತು ಎಣಿಸುವಷ್ಟರಲ್ಲಿ ನಗಾರಿ ಮರೆತಿರುತ್ತಾಳೆ. ಪಟ್ಟಿ ನನಗೂ ಒಂದು ಕಳಿಸಲಿ.